ಅಳಿಯನ ತಟ್ಟೆ

ಆಲಂಕಾರು
ಸೋಮವಾರ

ಪ್ರೀತಿಯ ಮಾಮಿಗೆ ನಿಮ್ಮ ಹೊಸ ಅಳಿಯನ ಸಲಾಂ.

ಇದನ್ನು ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ, ಆಗಲಿಲ್ಲ. ಮದುವೆಗೆ ಎರಡು ತಿಂಗಳ ಮೊದಲು ಕಲ್ಲಾಗಿದೆಯೆಂದು ನನ್ನ ಪಿತ್ತಕೋಶ ತೆಗೆದಿದ್ದಾರೆ. ನಿಮ್ಮ ಮಗಳು ಮುಫೀದಾಳಿಗೆ ಮಾತ್ರ ಹೇಳಿದ್ದೆ. ನಿಮಗೆ ಹೇಳದಿದ್ದದ್ದು ನನ್ನದೇ ತಪ್ಪು. ಹೆದರುದು ಬೇಡ, ಲಿವರ್ ಸರಿ ಉಂಟು. ಆದರೆ ಪಿತ್ತ ಕೂಡಿಡುವ ಚೀಲ ಇಲ್ಲದ ಕಾರಣ ಒಮ್ಮೆಲೇ ತುಪ್ಪ, ಎಣ್ಣೆ ಹೆಚ್ಚಾದರೆ ಹೊಟ್ಟೆ ಕೆಡ್ತದೆ. ಸ್ವಲ್ಪ ಸ್ವಲ್ಪವೇ ತಿನ್ನಲು ಡಾಕ್ಟರು ಹೇಳಿದ್ದಾರೆ.

ಆದ್ದರಿಂದ ಶುಕ್ರವಾರ ನಾವು ನಿಮ್ಮಲ್ಲಿಗೆ ಊಟಕ್ಕೆ ಬಂದಾಗ ನನಗೆ ಗಂಜಿ, ಎಣ್ಣೆ ಕಡಿಮೆ ಹಾಕಿದ ಮೀನು ಸಾರು ಸಾಕು. ಹೊಸ ಅಳಿಯನಿಗೆ ಗಂಜಿ ಬಡಿಸಲು ನಿಮಗೆ ಮನಸ್ಸು ಬರುದಿಲ್ಲ ಅಂತ ಗೊತ್ತುಂಟು. ಬೇಕಾದರೆ ಬಾಗಿಲು ಹಾಕಿ ಬಡಿಸಿ.

ಇನ್ನೊಂದು ವಿಷಯ. ಕಳೆದ ವಾರ ನಿಮ್ಮ ಮಗಳು ಎಂಟು ತುಂಡು ಕೋಳಿ ತಿಂದದ್ದು ನೋಡಿ, ಏನೋ ವಿಶೇಷ ಉಂಟೆಂದು ದಮ್ಮಾಮಿನಲ್ಲಿರುವ ಮಾಮನಿಗೂ ಹೇಳಿದಿರಂತೆ. ಅವರು ಮಗುವಿಗೆ ಹೆಸರು ಹುಡುಕುವ ಮೊದಲು ಒಂದು ಫೋನ್ ಮಾಡಿ. ನೀವು ಸೌಟು ಹಿಡಿದು ಅಡುಗೆಮನೆಗೆ ಹೋದಾಗಲೆಲ್ಲ ನನ್ನ ತಟ್ಟೆಯದ್ದನ್ನು ಅವಳು ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಅವಳು ಇಬ್ಬರ ಊಟ ಮಾಡಿದ್ದು ನಿಜ. ಇನ್ನೊಬ್ಬ ನಾನು.

ನಿಮ್ಮ ಅಳಿಯ
ಮುನವ್ವರ್