ಯಾವುದೋ ಹೋಟೆಲು

೧೨ ಡಿಸೆಂಬರ್ ೨೦೧೪, ಶುಕ್ರವಾರ. ಡೊಂಬಿವಿಲಿ.

"ಯಾವುದೋ ಹೋಟೆಲಿನಲ್ಲಿ ನೋಡಿದ್ದು." ಈ ಮಾತು ನನ್ನ ಬಾಯಿಂದ ಹೇಗೆ ಬಂತೋ!

ಖಾರಘರದ ಕಾನ್ಫರೆನ್ಸಿನಲ್ಲಿ ನನ್ನ ಪೇಪರ್ ಚೆನ್ನಾಗಿಯೇ ಹೋಯಿತು. ಎರಡು ಪ್ರೋಗ್ರಾಂ ಒಂದನ್ನೊಂದು ಕಾಯುತ್ತ ನಿಂತುಹೋಗುವ ಡೆಡ್‌ಲಾಕನ್ನು ದೋಸೆಯಿಂದಲೇ ವಿವರಿಸಿದೆ. ಒಬ್ಬ ಕಾವಲಿ ಹಿಡಿದುಕೊಂಡಿದ್ದಾನೆ, ಸಟ್ಟುಗ ಇನ್ನೊಬ್ಬನ ಕೈಯಲ್ಲಿದೆ. ಇಬ್ಬರೂ ಬಿಡುವುದಿಲ್ಲ, ದೋಸೆ ಏಳುವುದಿಲ್ಲ. ಅದಕ್ಕೇ ಕಾವಲಿ ಸಿಗುವ ತನಕ ಯಾರೂ ಸಟ್ಟುಗ ಮುಟ್ಟಬಾರದು. ಸಭೆ ನಕ್ಕಿತು. ಚಹಾದ ಹೊತ್ತಿಗೆ ಜರ್ಮನಿಯ ಪ್ರೊಫೆಸರೊಬ್ಬರು ಕೇಳಿದರು, ಈ ಉದಾಹರಣೆ ಎಲ್ಲಿ ಸಿಕ್ಕಿತು ಅಂತ.

ಅಪ್ಪನ ಹೋಟೆಲಿನಲ್ಲಿ. ಸಟ್ಟುಗದ ಆ ನಿಯಮ ಅಲ್ಲಿ ಅಡುಗೆ ಮಾಡುವ ಭೋಜಣ್ಣನದು. ಅವರ ಹೆಸರು ಹೇಳಿಯೇ ಹೇಳುತ್ತೇನೆಂದು ನಿನ್ನೆ ಅಪ್ಪನ ಮುಂದೆ ಜಂಬ ಕೊಚ್ಚಿದವಳು ನಾನೇ. ಪಕ್ಕದಲ್ಲಿ ದೊಡ್ಡ ದೊಡ್ಡ ಕಾಲೇಜಿನವರು ನಿಂತಿದ್ದರು, ಯಾವುದೋ ಹೋಟೆಲು ಅಂದುಬಿಟ್ಟೆ. ಥೂ.

ಮನೆಗೆ ಬಂದರೆ ಅಪ್ಪ ಊಟ ಮಾಡದೆ ಕಾಯುತ್ತಿದ್ದರು.

"ಎಂಥ ಮಗಾ, ನಮ್ಮ ಭೋಜಣ್ಣನ ಹೆಸರು ಹೇಳಿದೆಯಲ್ಲ?"

"ಹೂಂ" ಅಂದೆ.

ಅಪ್ಪ ಆಗಲೇ ಭೋಜಣ್ಣನಿಗೆ ಫೋನ್ ಮಾಡಿ ಇಷ್ಟು ಹೊತ್ತೂ ತುಳುವಿನಲ್ಲಿ ಕೊಂಡಾಡುತ್ತಿದ್ದರು. ಈಗ ನನ್ನ ಬಾಗಿಲು ತಟ್ಟುತ್ತಿದ್ದಾರೆ. ಭೋಜಣ್ಣ ಲೈನಿನಲ್ಲಿದ್ದಾರಂತೆ. ನನಗೆ ಥ್ಯಾಂಕ್ಸ್ ಹೇಳಬೇಕಂತೆ.