ಲೇರ್ ಕೇಳಿಕೊಂಡು ಬಂದವನು

ದೊಡ್ಡಉಳ್ಳಾರ್ತಿ
9-1-2025

ಪ್ರೀತಿಯ ಅಪ್ಪಾ,

ಮಂಡಿನೋವು ಹೆಂಗೈತೆ? ಕುರಿ ಹೊಡ್ಕೊಂಡು ಆಂಧ್ರದ ಕಡೆ ಹೋದಾಗಿಂದ ನಿನ್ನ ಫೋನು ಸಿಗ್ತಾನೇ ಇಲ್ಲ. ಅದಕ್ಕೇ ರಾಗಿಹಿಟ್ಟು ತರೋ ತೋಟಪ್ಪಣ್ಣನ ಕೈಲಿ ಈ ಕಾಗದ ಕೊಟ್ಟಿದೀನಿ. ನೀನೊಬ್ಬನೇ ಓದ್ಕೋ. ಅವ್ವ ಆರಾಮಾಗವ್ಳೆ. ಹೊಸ ಕಂಬಳಿ ಬಿಟ್ಟು ಹೋಗಿದೀಯ ಅಂತ ದಿನಾ ಬೈತಾಳೆ.

ಹೋದ ವಾರ ಒಬ್ಬ ಬೈಕಲ್ಲಿ ಬಂದು, ತೋಳದ ಸಂಶೋಧನೆ ಮಾಡ್ತೀನಿ ಅಂದ. ಕಾವಲಿನ ಹುಲ್ಲುಗಾವಲಲ್ಲಿ ವಿಜ್ಞಾನದೋರ ಹೊಸ ಕ್ಯಾಂಪಸ್ಸು ಎದ್ದಮೇಲೆ ಇಂಥೋರು ಬರ್ತಾನೇ ಇರ್ತಾರಲ್ಲ, ಅವ್ವ ಟೀ ಕೊಟ್ಲು. ಆದ್ರೆ ತೋಳ ಎಷ್ಟವೆ, ಏನು ತಿಂತವೆ, ಒಂದೂ ಕೇಳಲಿಲ್ಲ ಅವನು. "ಲೇರ್ ಎಲ್ಲೈತೆ? ಮರಿ ಕಣ್ಣು ಬಿಟ್ಟವಾ?" ಇಷ್ಟೇ. ಬೈಕಿಗೆ ಕಟ್ಟಿದ್ದ ಚೀಲದಿಂದ ಬಲೆ ಇಣುಕ್ತಿತ್ತು.

ನಾಳೆ ಬರ್ರಿ ಅಂತ ಸಾಗಹಾಕಿದೆ. ಪರಶುರಾಂಪುರದಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋ ನಂಗೇ ಆ ಪದ ನೆಟ್ಟಗೆ ಗೊತ್ತಿರಲಿಲ್ಲ. ನಿಘಂಟು ತೆಗೆದು ನೋಡಿದೆ. ಲೇರ್ ಅಂದ್ರೆ ಕಾಡುಪ್ರಾಣಿ ಮಲಗೋ ತಾವು. ಮಲಗೋದು ಅನ್ನೋ ಹಳೇ ಮಾತಿಂದ ಹುಟ್ಟಿದ್ದಂತೆ. ಮೊದಲು ಮನುಷ್ಯರ ಹಾಸಿಗೆಗೂ ಅದೇ ಹೆಸರು, ಸಮಾಧಿಗೂ ಅದೇ. ಪ್ರಾಣಿಗಳ ಪಾಲಿಗೆ ಬಂದಿದ್ದು ಆಮೇಲೆ. ಅದನ್ನ ಓದಿದ್ಮೇಲೆ ಅವನು ನಂಗೆ ಬಾಣಂತಿ ಕೋಣೆಗೆ ಬಲೆ ಹಿಡ್ಕೊಂಡು ನುಗ್ಗೋನ ಹಾಗೆ ಕಂಡ.

ಮಾರನೇ ದಿನ ಬಂದವನಿಗೆ ಊರಾಚೆ ಸ್ಮಶಾನದ ದಾರಿ ತೋರಿಸಿ, "ಲೇರ್ ಅಲ್ಲೇ ಐತ್ರಿ" ಅಂದೆ. ನಾನೇನೂ ಸುಳ್ಳು ಹೇಳಲಿಲ್ಲ ನೋಡು! ಅಷ್ಟರಲ್ಲಾಗಲೇ ಫಾರೆಸ್ಟ್ ಗಾರ್ಡ್ ಹನುಮಂತರಾಯರಿಗೆ ಫೋನ್ ಮಾಡಿದ್ದೆ. ಸಮಾಧಿಗಳ ಮಧ್ಯೆ ಬಲೆ ಹರವಿ ಪೊದೆ ಬಡೀತಿದ್ದವನನ್ನ ಅವರು ನನ್ನ ಕಣ್ಣೆದುರೇ ಹಿಡಿದ್ರು. ಸಂಶೋಧನೆಯೂ ಇಲ್ಲ, ಮಣ್ಣೂ ಇಲ್ಲ, ಮರಿ ಕದ್ದು ಮಾರೋನಂತೆ. ಚಳ್ಳಕೆರೆಗೆ ಕರ್ಕೊಂಡು ಹೋದ್ರು.

ಮಂಡಿಗೆ ಎಣ್ಣೆ ಕಳಿಸಿದೀನಿ, ಹಚ್ಕೋ. ಚಳಿಗೆ ಕಿವಿ ಮುಚ್ಕೊಂಡು ಮಲ್ಕೋ. ಅಜ್ಜಿ, "ತಲೆ ಮೇಲೆ ಕೈಯಿಟ್ಟು ಹರಸಿದೀನಿ ಅಂತ ಬರಿ" ಅಂದ್ಲು.

ನಿನ್ನ ಮಗಳು,
ಸ್ವಪ್ನ

ತಾ.ಕ.: ತೋಟಪ್ಪಣ್ಣ ಹಾರ್ನ್ ಹೊಡೀತಾವ್ನೆ, ಗಡಿಬಿಡಿ. ಗಾರ್ಡ್ ಕೈಲಿದ್ದಾಗ ಆ ಕಳ್ಳನ ಫೋನು ಬಡ್ಕೊಂತು. ನಂಬರು ನೋಡಿದೆ, ನಿನ್ನ ಜೊತೆ ಕುರಿ ಕಾಯ್ತಿರೋ ಪಾಲಾಕ್ಷ ಮಾವಂದು. ಅವನು ಸಿಕ್ಕಿಬಿದ್ದಿದ್ದು ಹೋದ ಸೋಮವಾರ, ಅವತ್ತು ಮಾವ ಸಿಗ್ನಲ್ ಸಿಗೋ ಕಡೆ ಎಲ್ಲಾದ್ರೂ ಹೋಗಿದ್ನಾ? ಅವ್ವನಿಗೆ ಒಡಹುಟ್ಟಿದ ತಮ್ಮ ಅಲ್ವಾ, ಅದಕ್ಕೇ ಅವಳಿಗೆ ಹೇಳಿಲ್ಲ. ತೋಳ ಮರಿ ಹಾಕಿರೋ ತಾವು ನಿನ್ನ ಬಿಟ್ರೆ ನಂಗೊಬ್ಬಳಿಗೇ ಗೊತ್ತು. ಮಾವನ ಮುಂದೆ ಬಾಯಿ ಬಿಡಬ್ಯಾಡ.