ಒಲೆಯ ಕಾವಲ್ಲ ಅದು, ಫಕೀರವ್ವ

ಗದಗ
೨೧೬೩ನೆಯ ಇಸವಿ, ಹದಿಮೂರನೆಯ ತಿಂಗಳ ಏಳನೆಯ ದಿನ

ಯವ್ವಾ ಫಕೀರವ್ವ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಮಿಕ್ಕ ಒಂದು ದಿನಕ್ಕೆ ಹೆಸರಿಲ್ಲ, ಅವತ್ತು ಎಲ್ಲರಿಗೂ ರಜೆ. ನಾನು ನಿನ್ನ ಮಗಳು ಸಹನಾಳ ಮರಿಮೊಮ್ಮಗಳ ಮಗಳು, ಹೆಸರು ಇಂಚರ. ನನ್ನ ಮಾತು ನಿನಗೆ ವಿಚಿತ್ರವಾಗಿ, ನಾಚಿಕೆ ಬಿಟ್ಟಂತೆಯೂ ಕೇಳಿಸೀತು. ಹೊಟ್ಟೆಗೆ ಹಾಕಿಕೋ. ನಾಚಿಕೊಂಡು ಬರೆಯುವುದಾದರೆ ಈ ಕಾಗದ ಬರೆಯುವ ಅಗತ್ಯವೇ ಇರಲಿಲ್ಲ.

ನಾನು ಕೇಳುಮನೆಯಲ್ಲಿ ಕೆಲಸ ಮಾಡುತ್ತೇನೆ. ಈಗ ಪ್ರತಿ ಓಣಿಗೂ ಒಂದು ಕೇಳುಮನೆ ಇದೆ. ಎರಡು ಬೆಂಚು, ಒಂದು ಪರದೆ, ಕುಡಿಯಲು ಮಜ್ಜಿಗೆ. ಹೆಣ್ಣುಮಕ್ಕಳು ಸಂತೆಯಿಂದ ಬರುತ್ತ ಹೊಕ್ಕು, ಬಿಳಿ ಸೆರಗು ಹೋಗುವುದರ ಬಗ್ಗೆ ಬದನೆಕಾಯಿ ದರ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ. ನಾನು ಬಣ್ಣ ಕೇಳುತ್ತೇನೆ, ವಾಸನೆ ಕೇಳುತ್ತೇನೆ, ತುರಿಕೆ ಇದೆಯೇ, ಕಿಬ್ಬೊಟ್ಟೆ ನೋವೇ, ಬಸುರಿಯೇ, ಮುಟ್ಟು ಯಾವಾಗ ಆಯಿತು ಎಂದು ಕೇಳುತ್ತೇನೆ. ಎಷ್ಟೋ ಜನರಿಗೆ ಅದು ಕಾಯಿಲೆಯೇ ಅಲ್ಲ. ತಿಂಗಳ ನಡುವೆ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಹೋದರೆ ಮೈ ತನ್ನ ಕೆಲಸ ತಾನು ಮಾಡುತ್ತಿದೆ ಎಂದಷ್ಟೇ ಅರ್ಥ. ಮೂಳೆ ಕರಗಿ ಬಿಳಿಯಾಗಿ ಹೋಗುತ್ತಿದೆ ಎಂದು ಅಳುತ್ತ ಬಂದವರು ನಗುತ್ತ ಹೋಗುತ್ತಾರೆ.

ನಿನ್ನೆ ಏಳು ವರ್ಷದ ಒಂದು ಮಗುವನ್ನು ಅದರ ಅಜ್ಜಿ ಕರೆತಂದಿದ್ದಳು. ಒಳಚಡ್ಡಿಯಲ್ಲಿ ಕಲೆ, ಕೆಟ್ಟ ವಾಸನೆ. ಅಜ್ಜಿ ತಲೆ ಎತ್ತಲಿಲ್ಲ. ಯಾರಾದರೂ ನೋಯಿಸಿದರೇ ಎಂದು ಮಗುವೊಂದನ್ನೇ ಕೂರಿಸಿಕೊಂಡು ಕೇಳಿದೆ. ಅದನ್ನು ಕೇಳದೆ ಯಾವ ಮಗುವನ್ನೂ ನಾವು ಮನೆಗೆ ಕಳಿಸುವುದಿಲ್ಲ. ಇಲ್ಲವಂತೆ. ಗೊಂಬೆಯ ಹತ್ತಿಯನ್ನು ತಾನೇ ಒಳಗೆ ಸೇರಿಸಿಕೊಂಡು ಮರೆತಿತ್ತು. ಡಾಕ್ಟರು ಬೆಚ್ಚನೆಯ ನೀರಿನಲ್ಲಿ ತೊಳೆದು ತೆಗೆದರು. ಆ ಅಜ್ಜಿ ಸಮಾಧಾನದಿಂದ ಅತ್ತಾಗ ನನಗೆ ನಿನ್ನ ನೆನಪು ಬಂತು, ನಿನ್ನನ್ನು ನಾನು ನೋಡಿಯೇ ಇಲ್ಲದಿದ್ದರೂ.

ನಿನ್ನನ್ನು ನಾನು ಬಲ್ಲದ್ದು ಸಹನಾಳ ದನಿಯಿಂದ. ಮುದುಕಿಯಾದ ಮೇಲೆ ಅವಳು ಮಾತಾಡಿ ಇಟ್ಟದ್ದು ನಮ್ಮ ಮನೆಯಲ್ಲಿದೆ. ರೊಟ್ಟಿ ಕೇಂದ್ರದಲ್ಲಿ ನೀವು ಆರು ಜನ, ಆರು ಒಲೆ, ಬೆಳಗಿನಿಂದ ಸಂಜೆಯವರೆಗೆ ಜೋಳದ ರೊಟ್ಟಿ. ಆರೂ ಜನರಿಗೆ ಬಿಳಿ ಹೋಗುತ್ತಿತ್ತು, ಆರೂ ಜನ ಒಲೆಯನ್ನೇ ಬೈದಿರಿ. "ಒಲಿ ಮುಂದ ಕುಂತು ಕುಂತು ಉಷ್ಣ ಆಗೇತಿ" ಎಂದು ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿದಿರಿ. ಎಂಥ ಹುಚ್ಚು ಹೆಂಗಸರು ನೀವು! ಒಬ್ಬಳಿಗೆ ಮೊಸರು ಒಡೆದಂತೆ ಹೋಗಿ ತುರಿಕೆ, ಯಾಕೆಂದರೆ ಒಳಬಟ್ಟೆಯನ್ನು ಬಿಸಿಲಿಗೆ ಹಾಕದೆ ಸೀರೆಯ ಕೆಳಗೆ ಬಚ್ಚಿಟ್ಟು ಹಸಿಯಾಗಿಯೇ ಉಡುತ್ತಿದ್ದಳು. ಇನ್ನೊಬ್ಬಳಿಗೆ ಹಸಿರು ಹಳದಿ ನೊರೆ, ಅದು ಗಂಡನಿಂದ ಬಂದದ್ದು, ಗುಳಿಗೆ ಇಬ್ಬರೂ ನುಂಗಬೇಕಿತ್ತು. ಮತ್ತೊಬ್ಬಳಿಗೆ ಮೀನಿನ ವಾಸನೆ, ಅವಳು ಸೋಪು ಹಾಕಿ ಒಳಗೆಲ್ಲ ತೊಳೆದು ಇನ್ನೂ ಹೆಚ್ಚು ಮಾಡಿಕೊಂಡಳು. ಎಲ್ಲಕ್ಕೂ ಒಂದೇ ಒಲೆ ಹೇಗೆ ಕಾರಣವಾದೀತು, ಯವ್ವಾ?

ನಿನ್ನದು ಬೇರೆ. ಮುಟ್ಟು ನಿಂತು ಎರಡು ವರ್ಷವಾಗಿದ್ದ ನಿನಗೆ ನಾಲ್ಕು ತಿಂಗಳಿಂದ ನೀರಿನಂತೆ, ಕೆಂಪು ಬೆರೆತು, ವಾಸನೆಯಿಂದ ಹೋಗುತ್ತಿತ್ತು. "ನಮ್ಮವ್ವ ದಿನಾ ಎರಡ ಸಲ ಸೀರಿ ಬದಲ ಮಾಡಾಕಿ. ಯಾಕಂತ ನಾ ಕೇಳಲಿಲ್ಲ" ಎನ್ನುತ್ತಾಳೆ ಸಹನಾ. ನಾನು ಎಷ್ಟು ಸಲ ಕೇಳಿದರೂ ಅಲ್ಲಿಗೆ ಬಂದಾಗ ನನಗೆ ಅಳು ಬರುತ್ತದೆ.

ಈ ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗಿ ನಿನಗೆ ಆ ಬುಧವಾರವೇ ಮುಟ್ಟಲಿ. ನಾಳೆ ಗುರುವಾರ ಆಶಾ ಕಾರ್ಯಕರ್ತೆ ಮಾಬೂಬಿ ರೊಟ್ಟಿ ಕೇಂದ್ರಕ್ಕೆ ಬಂದು, "ಯಾರಿಗರ ಏನರ ತ್ರಾಸ ಐತೇನಬೇ?" ಎಂದು ಕೇಳುತ್ತಾಳೆ. ಉಳಿದವರು ಮುಸಿಮುಸಿ ನಗುತ್ತಾರೆ. ನೀನು ಹಿಟ್ಟು ನಾದುತ್ತ, "ನಂದೇನೈತಿ, ಒಲಿ ಕಾವು ಅಷ್ಟ" ಎನ್ನುತ್ತೀ. ಮಾಬೂಬಿ ಮುಂದಿನ ಮನೆಗೆ ಹೋಗುತ್ತಾಳೆ. ಗರ್ಭಕೋಶದ ಬಾಯಿಯಲ್ಲಿ ಬೆಳೆಯುತ್ತಿದ್ದ ಕ್ಯಾನ್ಸರನ್ನು ಡಾಕ್ಟರು ನೋಡಿದ್ದು ಹತ್ತು ತಿಂಗಳ ಮೇಲೆ. ಮೊದಲೇ ಯಾಕೆ ಬರಲಿಲ್ಲ ಎಂದು ಅವರು ಕೇಳಿದರಂತೆ.

ಮುಂದಿನದನ್ನೂ ಹೇಳಿಬಿಡುತ್ತೇನೆ. ನೀನು ಹೋದ ಮೇಲೆ ಮನೆಯಲ್ಲಿ ಅಡುಗೆಗೆ ಯಾರೂ ಇಲ್ಲವೆಂದು ಸಹನಾಳನ್ನು ಕಾಲೇಜು ಬಿಡಿಸಿ, ಹದಿನೆಂಟು ತುಂಬಿದ ವಾರವೇ ಅದೇ ಮನೆಯಲ್ಲಿದ್ದ ನಿನ್ನ ತಮ್ಮನಿಗೆ ಕೊಟ್ಟರು. ಅವಳು ನರ್ಸ್ ಆಗಬೇಕೆಂದಿದ್ದಳು. ಆ ಮದುವೆಯಿಂದಲೇ ನಮ್ಮ ವಂಶ, ನಾನೂ. ನೀನು ನಾಳೆ ಬಾಯಿಬಿಟ್ಟು ಬದುಕಿಕೊಂಡರೆ ಆ ಮದುವೆ ಆಗುವುದಿಲ್ಲ, ಈ ಕಾಗದ ಬರೆಯಲು ನಾನೂ ಇರುವುದಿಲ್ಲ. ಬದುಕಿನ ಆಸೆ ನನಗೇನೂ ಕಡಿಮೆಯಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಒಂದು ತಿಂಗಳು ಒದ್ದಾಡಿದ್ದೇನೆ.

ಆದರೂ ನಾಳೆ ಹಿಟ್ಟಿನ ಕೈ ತೊಳೆದುಕೊಂಡು ಎದ್ದು ಹೋಗು. ಮಾಬೂಬಿಯನ್ನು ಒಂದು ಕಡೆಗೆ ಕರೆದು, ಕೆಂಪು ಹೋಗುತ್ತಿದೆ ಎಂದು ಹೇಳು. ಅವಳ ಜೊತೆ ಅವತ್ತೇ ಆಸ್ಪತ್ರೆಗೆ ಹೋಗು. ಸಹನಾ ಇನ್ನೂ ಮೂವತ್ತು ವರ್ಷ ನಿನ್ನನ್ನು ಯವ್ವಾ ಎಂದು ಕರೆಯಲಿ. ನಾನು ಹುಟ್ಟದಿದ್ದರೂ ನಡೆಯುತ್ತದೆ.

ಇಂಚರ